ಕಿಲ್ಲಾರಿಯೂ ‘ಸೇಫ್’ ಆಗಿತ್ತು

ಎಲ್ಲೇ ಭೂಮಿ ನಡುಗಲಿ, ‘ಬೆಂಗಳೂರು ಸೇಫ್, ಎರಡನೇ ವಲಯ’ ಎಂಬ ಸುದ್ದಿ ಮರುದಿನವೇ ಸಿದ್ಧ. ಈ ಸಮಾಧಾನವನ್ನು ನಾವು ಒಪ್ಪುವುದಿಲ್ಲ.

ನಮ್ಮ ಗಡಿಯಾಚೆಯ ಲಾತೂರ್ ಜಿಲ್ಲೆಯ ಕಿಲ್ಲಾರಿ ಇನ್ನೂ ‘ಸೇಫ್’ ಆದ ಒಂದನೇ ವಲಯದಲ್ಲಿತ್ತು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ 6.2 ತೀವ್ರತೆಯ ಕಂಪನಕ್ಕೆ 7,900ಕ್ಕೂ ಹೆಚ್ಚು ಜನ ಸತ್ತರು. 2002ರ ನಕ್ಷೆಯಲ್ಲಿ ಒಂದನೇ ವಲಯವನ್ನೇ ತೆಗೆದುಹಾಕಿದರು.

2001ರಲ್ಲಿ ಭುಜ್ ನಡುಗಿದಾಗ, 200 ಕಿ.ಮೀ.ಗೂ ದೂರದ ಅಹಮದಾಬಾದಿನಲ್ಲಿ ಅಪಾರ್ಟ್‌ಮೆಂಟುಗಳು ಕುಸಿದವು. ಹಲವುಗಳ ಕೆಳಗೆ ಗೋಡೆಯಿರಲಿಲ್ಲ, ಪಾರ್ಕಿಂಗ್‌ಗೆಂದು ಬಿಟ್ಟ ಕಂಬಗಳಷ್ಟೇ.

ಬಿಟಿಎಂ ಲೇಔಟ್, ಜೆಪಿ ನಗರದ ಗಲ್ಲಿಗಳಲ್ಲೂ ಅಂಥದೇ ಕಂಬಗಳ ಮೇಲೆ ನಾಲ್ಕೈದು ಮಹಡಿಯ ಪಿಜಿಗಳಿವೆ. ದುಡಿಯಲು ಹೋದ ನಮ್ಮೂರ ಮಕ್ಕಳು ಮಲಗುವುದು ಅಲ್ಲೇ. ಪಾಲಿಕೆ ಆ ಕಂಬಗಳನ್ನು ಪರೀಕ್ಷಿಸಲಿ, ವರದಿಯನ್ನು ಪಿಜಿ ಬಾಗಿಲಿಗೇ ಅಂಟಿಸಲಿ. ‘ಸೇಫ್’ ಎಂದು ಆಮೇಲೆ ಬರೆಯೋಣ.