ಉಣ್ಣೆಯ ಉಂಡೆ, ಐದು ಕಡ್ಡಿ

ಮನುಷ್ಯನ ಅಂಗಾಂಗಗಳಲ್ಲಿ ಪಾದಗಳಿಗೆ ಸಲ್ಲುವ ಮರ್ಯಾದೆ ಬಲು ವಿಚಿತ್ರವಾದುದು. ಹಿರಿಯರನ್ನು ಕಂಡರೆ ಅವರ ಪಾದಕ್ಕೆ ಎರಗುವುದುಂಟು. ಮದುವೆಯ ಮಂಟಪದಲ್ಲಿ ಮಾವ ಅಳಿಯನ ಪಾದ ತೊಳೆಯುವುದುಂಟು. ದೇವರನ್ನು ನೆನೆಯುವಾಗಲೂ ಮೊದಲು ನಾಲಗೆಗೆ ಬರುವುದು ಪಾದಾರವಿಂದವೇ. ಆದರೆ ಮಾರ್ಗಶಿರ ಪುಷ್ಯಗಳ ಚಳಿ ಊರಿಗೆ ಕಾಲಿರಿಸಿತೆಂದರೆ ಈ ಭಕ್ತಿಯೆಲ್ಲ ಮಾಯ. ತಲೆಗೆ ಮಫ್ಲರು, ಮೈಗೆ ಸ್ವೆಟರು, ಹೆಗಲಿಗೆ ಶಾಲು. ಪಾದಗಳ ಪಾಲಿಗೆ ಮಾತ್ರ ತಣ್ಣನೆಯ ನೆಲ. "ಕಾಲು ಕೊರೆಯುತ್ತದಪ್ಪ" ಎಂದು ಮನೆಯ ಅಜ್ಜಿ ಗೊಣಗಿದರೆ, ಮಗನೋ ಮೊಮ್ಮಗಳೋ ಪೇಟೆಯಿಂದ ಒಂದು ಜೊತೆ ನೈಲಾನ್ ಕಾಲುಚೀಲ ತಂದುಕೊಟ್ಟು ಕರ್ತವ್ಯ ಮುಗಿಯಿತೆಂದು ಸಮಾಧಾನಪಡುತ್ತಾರೆ. ಅದೇ ಅಜ್ಜಿ ಒಂದು ಕಾಲದಲ್ಲಿ ಮನೆಮಂದಿಗೆಲ್ಲ ಸಾಕಾಗುವಷ್ಟು ಉಣ್ಣೆಯನ್ನು ತನ್ನ ಕೈಯಿಂದಲೇ ಹೆಣೆದವಳೆಂಬುದು ಅವರಿಗೆ ನೆನಪಿರುವುದಿಲ್ಲ. ಎಷ್ಟೋ ವೇಳೆ ಅಜ್ಜಿಗೂ ನೆನಪಿರುವುದಿಲ್ಲ.

ಐವತ್ತು ಅರವತ್ತು ವರ್ಷಗಳ ಹಿಂದೆ ಬೆಂಗಳೂರು, ಮೈಸೂರು, ಧಾರವಾಡ, ಮಡಿಕೇರಿಗಳ ಮಧ್ಯಮ ವರ್ಗದ ಮನೆಗಳಲ್ಲಿ ಮಧ್ಯಾಹ್ನದ ಊಟದ ಅನಂತರದ ಬಿಡುವೆಂದರೆ ಹೆಣಿಗೆಯ ಹೊತ್ತು. ಮಡಿಲಲ್ಲಿ ಉಣ್ಣೆಯ ಉಂಡೆ, ಪಕ್ಕದಲ್ಲಿ ಪತ್ರಿಕೆಯಿಂದ ಕತ್ತರಿಸಿಟ್ಟ ನಮೂನೆ, ನಾಲಗೆಯ ಮೇಲೆ ನೆರೆಮನೆಯ ಸಮಾಚಾರ. ಕೈ ಮಾತ್ರ ತನ್ನ ಪಾಡಿಗೆ ತಾನು ಓಡುತ್ತಿತ್ತು. ಮನೆಯ ಸೊಸೆ ಗರ್ಭಿಣಿಯೆಂಬ ಸುದ್ದಿ ಬಾಯಿಂದ ಹೊರಡುವ ಮೊದಲೇ ಹಳದಿ ಬಣ್ಣದ ಪುಟ್ಟ ಕುಲಾವಿ, ಹೆಬ್ಬೆರಳುದ್ದದ ಕಾಲುಚೀಲಗಳು ಅದನ್ನು ಕೇರಿಗೆಲ್ಲ ಸಾರಿಬಿಡುತ್ತಿದ್ದವು. ಅಣ್ಣನಿಗೆ ಗಿಡ್ಡವಾದ ಸ್ವೆಟರನ್ನು ಬಿಚ್ಚಿ, ನೂಲನ್ನು ಲಡಿ ಮಾಡಿ ತೊಳೆದು, ಸುಕ್ಕು ಹೋಗುವಂತೆ ನೇತುಹಾಕಿ, ಮತ್ತೆ ತಮ್ಮನ ಅಳತೆಗೆ ಹೆಣೆಯುವುದು ಯಾರಿಗೂ ಅಚ್ಚರಿಯ ವಿಷಯವಾಗಿರಲಿಲ್ಲ. ಆಮೇಲೆ ಲುಧಿಯಾನದ ಯಂತ್ರಗಳಿಂದ ಸಿದ್ಧ ಉಡುಪುಗಳು ಬಂದವು. ಗೃಹಿಣಿಯರು ಉದ್ಯೋಗಕ್ಕೆ ಹೊರಟರು. ಉಳಿದ ಬಿಡುವನ್ನು ಮೊದಲು ದೂರದರ್ಶನವೂ ಅನಂತರ ಮೊಬೈಲೂ ಕಬಳಿಸಿದವು. ಕಡ್ಡಿಗಳು ಟ್ರಂಕಿನ ತಳ ಸೇರಿದವು.

ಈಚೆಗೆ ಅವು ಮೆಲ್ಲನೆ ಮೇಲೇಳುತ್ತಿವೆ. 2020ರಲ್ಲಿ ಕೊರೋನಾ ವ್ಯಾಧಿಗೆ ಅಂಜಿ ಲೋಕವೆಲ್ಲ ಬಾಗಿಲಿಕ್ಕಿಕೊಂಡು ಕುಳಿತಾಗ, ಎಷ್ಟೋ ದೇಶಗಳಲ್ಲಿ ಜನ ಹೊಸದಾಗಿಯೋ ಮರಳಿಯೋ ಹೆಣಿಗೆಗೆ ಕೈಹಾಕಿದರು. ಅವರಲ್ಲೊಬ್ಬ ಎತ್ತರದ ಹಲಗೆಯಿಂದ ನೀರಿಗೆ ಧುಮುಕುವ ಸ್ಪರ್ಧೆಯ ಬ್ರಿಟಿಷ್ ಪಟು ಟಾಮ್ ಡೇಲಿ. 2021ರ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಈತ ಪ್ರೇಕ್ಷಕರ ನಡುವೆ ಕುಳಿತು ನಿಶ್ಚಿಂತೆಯಿಂದ ಕಡ್ಡಿಯಾಡಿಸುತ್ತಿದ್ದ ಚಿತ್ರ ಜಗತ್ತನ್ನೆಲ್ಲ ಸುತ್ತಿತು. ಪದಕಕ್ಕೆ ಗೀರು ಬೀಳದಿರಲೆಂದು ಅದಕ್ಕೊಂದು ಚೀಲವನ್ನೂ ಹೆಣೆದಿದ್ದ! ಹೆಣಿಗೆ ಹೆಂಗಸರ ಕೆಲಸವೆಂದು ಮೂಗು ಮುರಿಯುವ ಯಜಮಾನರು ದಕ್ಷಿಣ ಅಮೆರಿಕದ ಪೆರು ದೇಶದ ಕಡೆಗೂ ಒಮ್ಮೆ ನೋಡಬಹುದು. ಅಲ್ಲಿನ ಟಿಟಿಕಾಕಾ ಸರೋವರದ ತಕೀಲೆ ದ್ವೀಪದಲ್ಲಿ ಹೆಂಗಸರು ಮಗ್ಗದ ಮುಂದೆ ಕುಳಿತರೆ, ಕಡ್ಡಿ ಹಿಡಿದು ಹೆಣೆಯುವವರು ಗಂಡಸರೇ. ಗಂಡುಮಕ್ಕಳು ಎಳೆತನದಲ್ಲಿಯೇ ಅದನ್ನು ಕಲಿಯುತ್ತಾರೆ. ಆ ದ್ವೀಪದ ವಸ್ತ್ರಕಲೆಯನ್ನು ಯುನೆಸ್ಕೋ ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿಕೊಂಡಿದೆ.

ಕನ್ನಡಿಗರಿಗೆ ಉಣ್ಣೆ ಹೊಸತಲ್ಲ. ಕುರುಬರ ಕಂಬಳಿ ಈ ನಾಡಿನಷ್ಟೇ ಹಳೆಯದು. ಆದರೆ ಕಂಬಳಿ ನೇಯ್ಗೆಯ ಸಂತಾನ; ಸ್ವೆಟರು, ಕಾಲುಚೀಲಗಳು ಹೆಣಿಗೆಯ ಸಂತಾನ. ನೇಯ್ಗೆಯಲ್ಲಿ ಹಾಸು ಬೇಕು, ಹೊಕ್ಕು ಬೇಕು. ಎರಡೂ ಒಂದನ್ನೊಂದು ಹಾದುಹೋಗಬೇಕು. ಹೆಣಿಗೆಯಲ್ಲಿ ಇರುವುದು ಒಂದೇ ಎಳೆ. ಅದು ತನ್ನ ಕುಣಿಕೆಯೊಳಗೆ ತಾನೇ ನುಸುಳಿ, ಸಾಲಿನ ಮೇಲೆ ಸಾಲಾಗಿ ಬೆಳೆಯುತ್ತದೆ. ಆದ್ದರಿಂದಲೇ ಹೆಣೆದ ಬಟ್ಟೆ ಎಳೆದಂತೆ ಹಿಗ್ಗಿ, ಬಿಟ್ಟರೆ ಕುಗ್ಗಿ, ಪಾದದ ಏರುತಗ್ಗುಗಳಿಗೆ ಅಂಟಿಕೊಂಡು ಕುಳಿತುಕೊಳ್ಳುತ್ತದೆ. ಜಡೆ, ಬುಟ್ಟಿ, ಚಾಪೆಗಳಿಗೆ ಸಲ್ಲುತ್ತಿದ್ದ 'ಹೆಣೆ' ಎಂಬ ಅಚ್ಚಗನ್ನಡ ಧಾತು, ಮಿಷನ್ ಶಾಲೆ ಕಾನ್ವೆಂಟುಗಳ ಮೂಲಕ ಬಂದ ಈ ಹೊಸ ಕಸುಬಿಗೂ ಒಪ್ಪವಾಗಿ ಹೊಂದಿಕೊಂಡಿತು.

ಕಾಲುಚೀಲದ ಚರಿತ್ರೆ ಸಣ್ಣದಲ್ಲ. ಈಜಿಪ್ಟಿನ ಆಕ್ಸಿರಿಂಕಸ್ ಎಂಬಲ್ಲಿ ದೊರೆತ, ಸುಮಾರು 1,600 ವರ್ಷಗಳಷ್ಟು ಹಳೆಯ, ಕೆಂಪು ಉಣ್ಣೆಯ ಒಂದು ಜೊತೆ ಕಾಲುಚೀಲ ಇಂದು ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ಚಪ್ಪಲಿಯ ಪಟ್ಟಿ ತೂರುವಂತೆ ಅದರ ಹೆಬ್ಬೆರಳನ್ನು ಬೇರೆಯಾಗಿ ಬಿಡಲಾಗಿದೆ. ಚಳಿಗಾಲದಲ್ಲಿ ಬೆಂಗಳೂರಿನ ಪೇಟೆಯಲ್ಲಿ ಚಪ್ಪಲಿ ಮೆಟ್ಟುವ ಮಹಿಳೆಯರಿಗೆಂದು ಮಾರುವ ಕಾಲುಚೀಲವೂ ಇದೇ ಮಾದರಿಯದು! ಈಜಿಪ್ಟಿನ ಆ ಜೊತೆಯನ್ನು ಒಂದೇ ಸೂಜಿಯಿಂದ ಕುಣಿಕೆ ಹಾಕುತ್ತ ಮಾಡಿದ್ದರು. ಎರಡು, ನಾಲ್ಕು, ಐದು ಕಡ್ಡಿಗಳ ಹೆಣಿಗೆ ಅನಂತರದ್ದು.

ಕೈ ಹೆಣಿಗೆಗೆ ಯಂತ್ರದ ಪೈಪೋಟಿಯೂ ಬಹು ಹಿಂದೆಯೇ ಮೊದಲಾಯಿತು. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಸೀಮೆಯ ವಿಲಿಯಂ ಲೀ 1589ರಲ್ಲಿ ಕಾಲುಚೀಲ ಹೆಣೆಯುವ ಚೌಕಟ್ಟನ್ನು ರಚಿಸಿದ. ಅವನು ಒಲಿದ ಹುಡುಗಿ ಸದಾ ಹೆಣಿಗೆಯಲ್ಲೇ ಮುಳುಗಿದ್ದು ಇವನತ್ತ ಕಣ್ಣೆತ್ತಿಯೂ ನೋಡುತ್ತಿರಲಿಲ್ಲವೆಂದೂ, ಆ ಮುನಿಸಿನಿಂದಲೇ ಯಂತ್ರ ಹುಟ್ಟಿತೆಂದೂ ಒಂದು ದಂತಕಥೆ. ಹೆಣೆದು ಹೊಟ್ಟೆಹೊರೆಯುವ ಬಡ ಪ್ರಜೆಗಳ ಗತಿಯೇನೆಂದು ಶಂಕಿಸಿ ಎಲಿಜಬೆತ್ ರಾಣಿ ಅವನಿಗೆ ಸನ್ನದು ಕೊಡಲೊಪ್ಪಲಿಲ್ಲ ಎಂಬುದು ಇನ್ನೊಂದು ಕಥೆ. ಲೀ ಫ್ರಾನ್ಸಿಗೆ ಹೋಗಿ ಅಲ್ಲಿಯೇ ತೀರಿಕೊಂಡ. ಯಂತ್ರ ಮಾತ್ರ ಬದುಕಿತು. 1811ರಿಂದ ಮುಂದೆ ಅದೇ ನಾಟಿಂಗ್‌ಹ್ಯಾಮಿನ ಹೆಣಿಗೆಗಾರರು ಕೂಲಿ ಇಳಿದ ಸಂಕಟದಿಂದ ಚೌಕಟ್ಟುಗಳನ್ನು ಒಡೆದುಹಾಕಿದರು. ಸರಕಾರ 1812ರಲ್ಲಿ ಆ ಅಪರಾಧಕ್ಕೆ ಮರಣದಂಡನೆಯನ್ನೇ ಗೊತ್ತುಮಾಡಿತು. ಕವಿ ಬೈರನ್ ಅದನ್ನು ವಿರೋಧಿಸಿ ಲಾರ್ಡ್ಸ್ ಸಭೆಯಲ್ಲಿ ಮಾತನಾಡಿದ. ಕಾಲಿಗೆ ಹಾಕುವ ಚೀಲವೊಂದು ಕುತ್ತಿಗೆಗೆ ಬರುವ ಹಗ್ಗದವರೆಗೆ ಹೋದ ಪ್ರಸಂಗವಿದು.

ಕಾಲುಚೀಲ ಪ್ರಾಣದ ಪ್ರಶ್ನೆಯಾದುದು ಅದೊಂದೇ ಸಲವಲ್ಲ. ಮೊದಲನೆಯ ಮಹಾಯುದ್ಧದ ಕಂದಕಗಳಲ್ಲಿ ಗುಂಡಿಗೆ ಸಿಕ್ಕವರಂತೆಯೇ ಕೆಸರಿಗೆ ಸಿಕ್ಕವರೂ ಸಾವಿರಾರು ಮಂದಿ. ತಣ್ಣೀರಿನಲ್ಲಿ ದಿನಗಟ್ಟಲೆ ನೆನೆದ ಪಾದ ಬಾತು, ಮರಗಟ್ಟಿ, ಕೊಳೆಯುತ್ತಿತ್ತು, ಕೊನೆಗೆ ಕತ್ತರಿಸಬೇಕಾಗುತ್ತಿತ್ತು. ಅದಕ್ಕೆ ಕಂಡ ಉಪಾಯವೆಂದರೆ ಪಾದವನ್ನು ಒರೆಸಿ, ಎಣ್ಣೆ ತಿಕ್ಕಿ, ಒಣಗಿದ ಕಾಲುಚೀಲ ಹಾಕುವುದು. ಅಷ್ಟು ಕಾಲುಚೀಲಗಳು ಎಲ್ಲಿಂದ ಬರಬೇಕು? ಬ್ರಿಟನ್, ಅಮೆರಿಕಗಳ ಮನೆಮನೆಯಲ್ಲಿ ಹೆಂಗಸರೂ ಶಾಲೆಯ ಮಕ್ಕಳೂ ಹೆಣೆಯತೊಡಗಿದರು. ಬೆರಳ ತುದಿಯಲ್ಲಿ ಹೊಲಿಗೆಯ ಗಂಟು ಒತ್ತದಂತೆ ಎರಡಂಚನ್ನು ಬೆಸೆಯುವ ವಿಧಾನಕ್ಕೆ ಇಂದಿಗೂ 'ಕಿಚನರ್ ಹೊಲಿಗೆ' ಎಂದೇ ಹೆಸರು. 1902ರಿಂದ 1909ರವರೆಗೆ ಹಿಂದೂಸ್ಥಾನದ ದಂಡನಾಯಕನಾಗಿದ್ದು, ಕರ್ಜನ್ ಸಾಹೇಬನೊಡನೆ ಜಗಳವಾಡಿದ ಲಾರ್ಡ್ ಕಿಚನರ್ ಈತನೇ.

ಈ ದೇಶದವರಿಗೆ ಅಂಥ ಪಾಠ 1962ರಲ್ಲಿ ದೊರೆಯಿತು. ಆ ಅಕ್ಟೋಬರಿನಲ್ಲಿ ಚೀನದ ಆಕ್ರಮಣವಾದಾಗ ಹಿಮಾಲಯದ ಎತ್ತರದ ಠಾಣ್ಯಗಳಲ್ಲಿದ್ದ ಜವಾನರಲ್ಲಿ ಹಲವರು ತೊಟ್ಟಿದ್ದುದು ಹತ್ತಿಯ ಉಡುಪು, ಕ್ಯಾನ್‌ವಾಸ್ ಬೂಟು. ಶತ್ರುವಿನೊಡನೆ ಹಿಮವೂ ಅವರನ್ನು ಕಡಿಯಿತು. ಆ ಸುದ್ದಿ ಬಂದಾಗ ದೇಶದ ನಗರ ನಗರಗಳಲ್ಲಿ ತಾಯಂದಿರು ತಮ್ಮ ಮಕ್ಕಳ ಸ್ವೆಟರನ್ನು ಅರ್ಧಕ್ಕೆ ಬಿಟ್ಟು, ಹೆಸರು ಅರಿಯದ ಯಾವನೋ ಮಗನ ಅಳತೆಯನ್ನು ಊಹಿಸಿಕೊಂಡು ಹೆಣೆದರು. ಇಂದು ಎಂಬತ್ತು ದಾಟಿದ ಕೆಲವು ಕೈಗಳಿಗೆ ಆ ಚಳಿಗಾಲದ ನೆನಪು ಇನ್ನೂ ಇದ್ದೀತು.

ಹಿಮಾಲಯದ ಮಾತು ಬಂದಾಗ ಲಾಹೌಲ್ ಕಣಿವೆಯನ್ನು ಮರೆಯುವಂತಿಲ್ಲ. ಹಿಮಾಚಲ ಪ್ರದೇಶದ ಕೇಲಾಂಗ್ ಸುಮಾರು ಹತ್ತು ಸಾವಿರ ಅಡಿ ಎತ್ತರದಲ್ಲಿದೆ. 2020ರಲ್ಲಿ ಅಟಲ್ ಸುರಂಗ ತೆರೆಯುವವರೆಗೆ ರೋಹ್ತಾಂಗ್ ಕಣಿವೆದಾರಿ ಹಿಮದಿಂದ ಮುಚ್ಚಿತೆಂದರೆ ತಿಂಗಳುಗಟ್ಟಲೆ ಹೊರಲೋಕದ ಸಂಪರ್ಕವಿರಲಿಲ್ಲ. 1859ರಲ್ಲಿ ಮರಿಯಾ ಎಂಬ ತರುಣಿ ಮೊರೇವಿಯನ್ ಮಿಷನ್ನಿನ ಹೈಡೆ ಎಂಬ ಪಾದ್ರಿಯನ್ನು ವರಿಸಲು ಯೂರೋಪಿನಿಂದ ಆ ಕಣಿವೆಗೆ ಬಂದಳು. ಸುಮಾರು ನಾಲ್ಕು ದಶಕ ಅಲ್ಲಿಯೇ ಬಾಳಿದಳು. ಆಕೆ ಊರಿನ ಹೆಂಗಸರನ್ನು ಕೂಡಿಸಿ ನಡೆಸಿದ ಹೆಣಿಗೆಯ ಶಾಲೆಯ ಫಲ ಇಂದಿಗೂ ಕಾಣುತ್ತದೆ. ಲಾಹೌಲಿನ ಸ್ತ್ರೀಯರು ಆ ವಿದ್ಯೆಯನ್ನು ತಮ್ಮದಾಗಿ ಮಾಡಿಕೊಂಡು, ಕಣಿವೆಯದೇ ಆದ ಚಿತ್ತಾರಗಳನ್ನು ಅದರಲ್ಲಿ ತುಂಬಿದರು. ಆ ಕಾಲುಚೀಲ, ಕೈಚೀಲಗಳಿಗೆ 2021ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಹೊರಗಿನಿಂದ ಬಂದ ವಿದ್ಯೆ ಒಂದು ಊರಿನ ಹೆಸರಾಗಿ ನಿಲ್ಲಲು ಬೇಕಾದುದು ತಾಯಿಯಿಂದ ಮಗಳಿಗೆ ಅದು ಕಡಿಯದೆ ಸಾಗುವುದೊಂದೇ.

ಇನ್ನು ಕೆಲಸದ ಮಾತು. ಬೇಕಾದ ಸಾಮಗ್ರಿ ಅಲ್ಪ: ನೂರು ಗ್ರಾಂ ತೆಳು ನೂಲು, ಎರಡೂ ತುದಿ ಚೂಪಾದ ಐದು ಕಡ್ಡಿಗಳು. ಹಳೆಯ ಲೆಕ್ಕದಲ್ಲಿ 13ನೆಯ ನಂಬರಿನ ಕಡ್ಡಿ, ಇಂದಿನ ಲೆಕ್ಕದಲ್ಲಿ 2.25 ಮಿಲಿಮೀಟರಿನದು. ನೂಲಿನಲ್ಲಿ ಮುಕ್ಕಾಲು ಪಾಲು ಉಣ್ಣೆ, ಕಾಲು ಪಾಲು ನೈಲಾನ್ ಇದ್ದರೆ ಬೆಚ್ಚಗೂ ಇರುತ್ತದೆ, ಹಿಮ್ಮಡಿಯೂ ಬೇಗ ಸವೆಯುವುದಿಲ್ಲ. ಅಂಗಡಿಯಲ್ಲಿ ಉಲ್ಲನ್ ಎಂದು ಕೊಡುವುದೆಲ್ಲ ಉಣ್ಣೆಯಲ್ಲ, ಬಹುಪಾಲು ಅಕ್ರಿಲಿಕ್. ನಿಜವಾದ ಉಣ್ಣೆಯ ಎಳೆ ಸುರುಳಿಸುರುಳಿಯಾಗಿದ್ದು ಗಾಳಿಯನ್ನು ಹಿಡಿದಿಡುತ್ತದೆ. ಬೆವರನ್ನು ಹೀರಿಯೂ ತಣ್ಣಗಾಗುವುದಿಲ್ಲ. ಅದರ ಗುಟ್ಟು ಇಷ್ಟೇ.

ಸಾಧಾರಣ ಅಳತೆಯ ಪಾದಕ್ಕೆ 64 ಕುಣಿಕೆಗಳನ್ನು ಏರಿಸಿ, ನಾಲ್ಕು ಕಡ್ಡಿಗಳಿಗೆ ಹದಿನಾರರಂತೆ ಹಂಚಿ, ಐದನೆಯದರಿಂದ ಸುತ್ತಾಗಿ ಹೆಣೆಯಬೇಕು. ಮೇಲಂಚು ಬಿಗಿಯಾಗಿರಲು ಎರಡು ಪ್ಲೇನ್, ಎರಡು ಪರ್ಲ್. ಆಮೇಲೆ ಕಣಕಾಲಿನವರೆಗೆ ಬರಿಯ ಪ್ಲೇನ್. ಅಲ್ಲಿಂದ ಮುಂದೆ ಪರೀಕ್ಷೆ. ಕೊಳವೆಯಂತೆ ನೆಟ್ಟಗೆ ಇಳಿದುಬಂದ ಹೆಣಿಗೆ ಹಿಮ್ಮಡಿಯಲ್ಲಿ ತಿರುಗಬೇಕು. ಅರ್ಧ ಕುಣಿಕೆಗಳನ್ನು, ಎಂದರೆ 32ನ್ನು, ಮಾತ್ರ ಹಿಂದೆ ಮುಂದೆ 32 ಸಾಲು ಹೆಣೆದರೆ ಒಂದು ಚೌಕ ದೊರೆಯುತ್ತದೆ. ಅದರ ನಡುವಿನಿಂದ ಮೊದಲುಮಾಡಿ, ಪ್ರತಿ ಸಾಲಿನ ಕೊನೆಯಲ್ಲಿ ಎರಡು ಕುಣಿಕೆ ಜೋಡಿಸಿ ಒಂದು ಮಾಡುತ್ತ ಹಿಂದಿರುಗಿದರೆ, ಕಡೆಗೆ 18 ಉಳಿದು, ಚಪ್ಪಟೆಯಾದ ಬಟ್ಟೆ ಬಟ್ಟಲಿನಂತೆ ಬಾಗಿಬಿಡುತ್ತದೆ! ಎಷ್ಟು ಸಲ ಮಾಡಿದವರಿಗೂ ಆ ಕ್ಷಣ ಒಂದು ಸಣ್ಣ ಪವಾಡವೇ. ಬಳಿಕ ಚೌಕದ ಎರಡು ಪಕ್ಕಗಳಿಂದ ಹದಿನಾರು ಹದಿನಾರು ಕುಣಿಕೆಗಳನ್ನೆತ್ತಿದರೆ ಒಟ್ಟು 82. ಸುತ್ತು ಬಿಟ್ಟು ಸುತ್ತಿಗೆ ಎರಡೆರಡು ಕಳೆಯುತ್ತ ಮತ್ತೆ 64ಕ್ಕೆ ಇಳಿದು, ಹೆಬ್ಬೆರಳಿನ ಬುಡದವರೆಗೆ ಹೆಣೆದು, ತುದಿಯನ್ನು ಕಿರಿದುಗೊಳಿಸಿ ಬೆಸೆದರೆ ಮುಗಿಯಿತು. ಅಂಗುಲಕ್ಕೆ ಹನ್ನೊಂದು ಸುತ್ತೆಂದು ಹಿಡಿದರೆ ಒಂದಂಗುಲಕ್ಕೆ 704 ಕುಣಿಕೆ. ಒಂದು ಕಾಲುಚೀಲಕ್ಕೆ ಹತ್ತು ಹನ್ನೆರಡು ಸಾವಿರ. ಒಗೆಯುವಾಗ ಬಿಸಿನೀರಿಗೆ ಹಾಕಿ ಉಜ್ಜಿದರೆ ಮಾತ್ರ ಅಷ್ಟೂ ಶ್ರಮ ಕುಗ್ಗಿ ಗೊಂಬೆಯ ಕಾಲಿಗಾದೀತು!

ಪೇಟೆಯಲ್ಲಿ ತಿಂಡಿ ಕಾಫಿಯ ಬೆಲೆಗೆ ಸಿಗುವ ವಸ್ತುವಿಗೆ ಇಷ್ಟು ಪಾಡೇಕೆ ಎಂದು ಲೆಕ್ಕಾಚಾರದವರು ಕೇಳುವುದು ಸಹಜ. ಹಣದ ಲೆಕ್ಕದಲ್ಲಿ ಅವರ ಮಾತೇ ಸರಿ. ಆದರೆ ಈ ಕೆಲಸ ಲೆಕ್ಕಕ್ಕೆ ಸಿಗದ ಒಂದೆರಡು ಸಂಗತಿಗಳನ್ನು ಕೊಡುತ್ತದೆ. ಕೈಗೆ ಕೆಲಸವಿದ್ದಾಗ ಮನಸ್ಸು ಅಲೆಯುವುದಿಲ್ಲ. ಬಾಳಿನಲ್ಲಿ ತಪ್ಪಿದ ಹೆಜ್ಜೆಯನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಕಷ್ಟ. ಹೆಣಿಗೆಯಲ್ಲಿ ನಾಲ್ಕು ಸಾಲು ಬಿಚ್ಚಿ ಮತ್ತೆ ತೊಡಗಿದರೆ ತಪ್ಪಿನ ಗುರುತೂ ಉಳಿಯದು. ಎಲ್ಲಕ್ಕಿಂತ ಮಿಗಿಲಾಗಿ, ತನಗಾಗಿ ಒಬ್ಬರು ಹತ್ತು ಸಾವಿರ ಸಲ ಬೆರಳಾಡಿಸಿದ್ದಾರೆಂಬ ಅರಿವು ಕಾಲಿಗೆ ಕೊಡುವ ಬೆಚ್ಚಗೆಯನ್ನು ಯಾವ ಯಂತ್ರವೂ ಹೆಣೆಯಲಾರದು.

ಆದರೆ ಕಾಲ ಕಾಯುವುದಿಲ್ಲ. ಎಷ್ಟು ಕುಣಿಕೆ ಏರಿಸಬೇಕೆಂದು ಪುಸ್ತಕ ಹೇಳೀತು. ನೂಲನ್ನು ಕಿರುಬೆರಳಿಗೆ ಎಷ್ಟು ಬಿಗಿಯಾಗಿ ಸುತ್ತಬೇಕೆಂಬುದನ್ನು ಪಕ್ಕದಲ್ಲಿ ಕುಳಿತ ಕೈಯೇ ತೋರಿಸಬೇಕು. ಅದನ್ನು ಬಲ್ಲ ಕೈಗಳು ಹಲವು ಮನೆಗಳಲ್ಲಿ ಇನ್ನೂ ಇವೆ. ಕಣ್ಣು ಮಬ್ಬಾಗಿರಬಹುದು, ಬೆರಳ ಗೆಣ್ಣು ಬಿಗಿದಿರಬಹುದು. ಕಡ್ಡಿ ಮುಟ್ಟಿದೊಡನೆ ನೆನಪು ಮರಳುವುದು ಮಾತ್ರ ನಿಶ್ಚಯ. ಈ ಚಳಿಗಾಲ ಕಳೆಯುವುದರೊಳಗೆ ಅವರ ಬಳಿ ಕುಳಿತುಕೊಳ್ಳುವುದು ಲೇಸು.

ಹೊಸದಾಗಿ ಕಲಿಯುವವರಿಗೆ ಕೊನೆಯದೊಂದು ಎಚ್ಚರಿಕೆ. ಮೊದಲನೆಯ ಕಾಲುಚೀಲ ಮುಗಿದ ಸಂಭ್ರಮದಲ್ಲಿ ಅದನ್ನು ಊರಿಗೆಲ್ಲ ತೋರಿಸಿ, ಎರಡನೆಯದನ್ನು ನಾಳೆಗೆ ಮುಂದೂಡುವ ರೋಗ ಜಗತ್ತಿನ ಹೆಣಿಗೆಗಾರರಿಗೆಲ್ಲ ಚಿರಪರಿಚಿತ. ಅದಕ್ಕೆ ಮದ್ದು ಒಂದೇ: ಮೊದಲನೆಯದರ ತುದಿ ಬೆಸೆದ ದಿನವೇ ಎರಡನೆಯದಕ್ಕೆ 64 ಕುಣಿಕೆಗಳನ್ನು ಏರಿಸಿಟ್ಟು ಮಲಗುವುದು. ದೇವರು ಮನುಷ್ಯನಿಗೆ ಎರಡು ಕಾಲು ಕೊಟ್ಟಿದ್ದಾನಷ್ಟೆ!