ಗಂಟುನೋವು, ಲಕ್ವ ಮತ್ತು ವಂಶವಾಹಿ



ಬೆರಳ ಗಂಟು ಬಾತುಕೊಂಡರೆ ‘ಕೆಲಸದ ನೋವು’ ಎಂದು ಅಂಗಡಿಯ ಮಾತ್ರೆ ನುಂಗುವವರು ನಮ್ಮಲ್ಲಿ ಬಹಳ. ಆದರೆ ರುಮಟಾಯ್ಡ್ ಸಂಧಿವಾತ ಇರುವವರಿಗೆ ಲಕ್ವ ಹೊಡೆಯುವ ಸಂಭವ ಹೆಚ್ಚೆಂದು ವೈದ್ಯರು ಕಂಡಿದ್ದಾರೆ. ಕಾರಣ ರೋಗವೇ, ಮಾತ್ರೆಯೇ, ಎರಡಕ್ಕೂ ದಾರಿಮಾಡುವ ಬೀಡಿಯೇ?

ಇದನ್ನು ಬಿಡಿಸಲು ವಿಜ್ಞಾನಿಗಳು ವಂಶವಾಹಿಗಳನ್ನು ನೋಡುತ್ತಾರೆ. ಅವು ಗರ್ಭದಲ್ಲೇ ಬಿದ್ದ ಬೀಜ. ಆಮೇಲಿನ ಬೀಡಿ, ಊಟ, ಔಷಧ ಆ ಬೀಜವನ್ನು ಬದಲಿಸಲಾರವು. ಸಂಧಿವಾತ ತರುವ ವಂಶವಾಹಿ ಉಳ್ಳವರಲ್ಲಿ ಲಕ್ವವೂ ಹೆಚ್ಚಿದ್ದರೆ, ರೋಗವೇ ಕಾರಣವೆಂಬ ಅನುಮಾನ ಬಲವಾಗುತ್ತದೆ.

ಬ್ರಿಟನ್ನಿನಲ್ಲಿ 2006ರಿಂದ 2010ರವರೆಗೆ ಸುಮಾರು 5 ಲಕ್ಷ ಜನರು ಇಂತಹ ಅಧ್ಯಯನಗಳಿಗೆ ರಕ್ತ ಕೊಟ್ಟರು. ಬಹುಪಾಲು ಐರೋಪ್ಯ ಮೂಲದವರು. ಒಂದೂರಿನ ಮಣ್ಣು ಪರೀಕ್ಷೆ ನೋಡಿ ಇನ್ನೊಂದೂರಿನ ಗದ್ದೆಗೆ ಗೊಬ್ಬರ ಹಾಕುತ್ತೇವೆಯೇ? ಭಾರತದ 10,000 ಜನರ ವಂಶವಾಹಿ ಮಾಹಿತಿ ಸಂಶೋಧಕರಿಗೆ ತೆರೆದದ್ದು 2025ರಲ್ಲಿ. ಅದು ಸಾಲದು. ಸರಿಯಾಗಿ ವಿವರಿಸಿ, ಒಪ್ಪಿಗೆ ಕೇಳಿ ಬಂದರೆ ನಾವೂ ರಕ್ತ ಕೊಡಬೇಕೆಂಬುದು ನನ್ನ ಅಭಿಪ್ರಾಯ.

ಅಲ್ಲಿಯವರೆಗೆ ಸುಮ್ಮನೆ ಕೂರುವುದು ಬೇಡ. ಡೈಕ್ಲೋಫೆನಾಕ್‌ನಂತಹ ಮಾತ್ರೆಯನ್ನು ದಿನವೂ ನುಂಗಿದರೆ ರಕ್ತದೊತ್ತಡ ಏರಬಹುದು, ಲಕ್ವದ ಅಪಾಯವೂ ಹೆಚ್ಚುತ್ತದೆ. ಗಂಟು ಬಾತರೆ ವೈದ್ಯರಿಗೆ ತೋರಿಸಿ, ಬಿ.ಪಿ. ನೋಡಿಸಿ, ಬೀಡಿ ಬಿಡಿ. ಬಾಯಿ ಸೊಟ್ಟಗಾದರೆ, ಕೈ ಸೋತರೆ, ಮಾತು ತೊದಲಿದರೆ ಒಂದು ಗಳಿಗೆಯೂ ತಡಮಾಡದೆ ಆಸ್ಪತ್ರೆಗೆ ಹೊರಡಿ.