ನೋಯದ ಮಚ್ಚೆಯನ್ನು ಅಲಕ್ಷಿಸದಿರೋಣ

ಕಳೆದ ವರ್ಷದ ಕಾಫಿ ಕೊಯ್ಲಿನ ದಿನಗಳಲ್ಲಿ ವಿರಾಜಪೇಟೆಯ ಸಮೀಪದ ತೋಟವೊಂದರ ಲೈನ್ ಮನೆಯಿಂದ ತಾಯಿಯೊಬ್ಬರು ದಾಸೋಹಕ್ಕೆ ಬಂದಿದ್ದರು. ಒಲೆಯಿಂದ ಆಗಷ್ಟೇ ಇಳಿದ ಅನ್ನ, ಕುದಿಯುವ ಸಾರು. ಪಂಕ್ತಿಯಲ್ಲಿದ್ದವರೆಲ್ಲ ತುತ್ತು ಮುಟ್ಟಲಾರದೆ ಊದಿಕೊಂಡು ಕುಳಿತಿದ್ದರೆ ಆ ತಾಯಿ ಹೊಗೆಯಾಡುವ ಅನ್ನವನ್ನು ನಿಶ್ಚಿಂತೆಯಿಂದ ಕಲಸುತ್ತಿದ್ದರು. ಬಡಿಸುತ್ತಿದ್ದ ನಾವು “ಸುಡುವುದಿಲ್ಲವೇ ಅಮ್ಮಾ?” ಎಂದು ಕೇಳಿದೆವು. “ಈ ಕೈಗೆ ಬಿಸಿ ತಾಗೂದಿಲ್ಲ ಬುದ್ಧಿ, ಒಂದು ವರ್ಷ ಆಯ್ತು” ಎಂದು ಅವರು ನಕ್ಕರು. ಕಿರುಬೆರಳಿನ ತುದಿಯಲ್ಲಿ ನೀರುಗುಳ್ಳೆ ಎದ್ದಿತ್ತು. ಮೊಣಕೈಯ ಕೆಳಗೆ ಅಂಗೈಯಗಲದ ಮಾಸಲು ಮಚ್ಚೆಯಿತ್ತು. ಅದಕ್ಕೆ ಅವರು ಔಷಧದಂಗಡಿಯಲ್ಲಿ ಕೇಳಿ ತಂದ ಟ್ಯೂಬಿನ ಮುಲಾಮನ್ನು ತಿಂಗಳುಗಟ್ಟಲೆ ಹಚ್ಚಿದ್ದರು. ಮೊದಮೊದಲು ಮಚ್ಚೆ ತಿಳಿಯಾದಂತೆ ಕಂಡದ್ದರಿಂದ ವೈದ್ಯರ ಬಳಿಗೆ ಹೋಗುವ ಅಗತ್ಯವೇ ಅವರಿಗೆ ತೋರಲಿಲ್ಲ.

ಅದು ಕುಷ್ಠರೋಗವಾಗಿತ್ತು. ಕೊಡಗು ಈ ರೋಗ ಹೆಚ್ಚಾಗಿರುವ ಜಿಲ್ಲೆಗಳ ಸಾಲಿಗೆ ಸೇರಿದ್ದಲ್ಲ. ಅಪಾಯವಿರುವುದೂ ಅಲ್ಲಿಯೇ ಎಂದು ನಮ್ಮ ಅಭಿಪ್ರಾಯ. ಅಪರೂಪವಾದುದನ್ನು ಯಾರೂ ಶಂಕಿಸುವುದಿಲ್ಲ. ಮಳೆಗಾಲದ ನಮ್ಮ ನಾಡಿನಲ್ಲಿ ಮೈಮೇಲೆ ಮಚ್ಚೆ ಎದ್ದರೆ ಚಿಬ್ಬು ಎನ್ನುತ್ತೇವೆ, ತುರಿಸಿದರೆ ಗಜಕರ್ಣ ಎನ್ನುತ್ತೇವೆ, ಅಲ್ಲಿಗೆ ಮುಗಿಯಿತು. ಬಹುಮಟ್ಟಿಗೆ ಅದು ನಿಜವೂ ಹೌದು. ಆದರೆ ಚಿಬ್ಬಿನ ಮೇಲೆ ಹತ್ತಿಯ ಎಳೆ ಆಡಿಸಿದರೆ ಗೊತ್ತಾಗುತ್ತದೆ, ಗಜಕರ್ಣ ತುರಿಸುತ್ತದೆ. ತುರಿಸದ, ನೋಯದ, ಬೆವರದ, ರೋಮ ಉದುರಿದ, ಮುಟ್ಟಿದರೆ ಅರಿವಾಗದ ಮಚ್ಚೆಯ ದಾರಿಯೇ ಬೇರೆ.

2005ರ ಡಿಸೆಂಬರ್‌ನಲ್ಲಿ ನಮ್ಮ ದೇಶ ರಾಷ್ಟ್ರಮಟ್ಟದಲ್ಲಿ ಕುಷ್ಠರೋಗ ನಿವಾರಣೆಯ ಗುರಿಯನ್ನು ಮುಟ್ಟಿತು. ಹತ್ತು ಸಾವಿರ ಜನರಲ್ಲಿ ಚಿಕಿತ್ಸೆಯಲ್ಲಿರುವವರು ಒಬ್ಬರಿಗಿಂತ ಕಡಿಮೆ ಎಂಬುದಷ್ಟೇ ಆ ಮಾತಿನ ಅರ್ಥ. ಜನರು ಅದನ್ನು ‘ರೋಗವೇ ಇಲ್ಲವಾಯಿತು’ ಎಂದು ತಿಳಿದುಕೊಂಡರು. ಜಗತ್ತಿನಲ್ಲಿ ಪ್ರತಿವರ್ಷ ಹೊಸದಾಗಿ ಪತ್ತೆಯಾಗುವ ಕುಷ್ಠರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಇಂದಿಗೂ ಭಾರತೀಯರೇ. ಸಂಖ್ಯೆಯಲ್ಲಿ ಹೇಳುವುದಾದರೆ ಸುಮಾರು ಒಂದು ಲಕ್ಷ.

ರೋಗಾಣುವನ್ನು 1873ರಲ್ಲಿ ನಾರ್ವೆಯ ಬರ್ಗೆನ್ ನಗರದ ವೈದ್ಯ ಗೆರ್ಹಾರ್ಡ್ ಆರ್ಮೌಯರ್ ಹ್ಯಾನ್ಸನ್ ಗುರುತಿಸಿದರು. ಕ್ಷಯದ ರೋಗಾಣುವಿಗೆ ಇದು ದಾಯಾದಿ. ಆದರೆ ಇಷ್ಟು ಸೋಮಾರಿಯಾದ ಇನ್ನೊಂದು ರೋಗಾಣುವನ್ನು ಕಾಣುವುದು ಕಷ್ಟ. ಒಂದು ಎರಡಾಗಲು ಸುಮಾರು ಎರಡು ವಾರ ಬೇಕು. ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಅದನ್ನು ಇಂದಿಗೂ ಬೆಳೆಸಲಾಗಿಲ್ಲ. 2001ರಲ್ಲಿ ವಿಜ್ಞಾನಿಗಳು ಅದರ ವಂಶವಾಹಿಯ ಬರಹವನ್ನು ಪೂರ್ಣವಾಗಿ ಓದಿದಾಗ ಕಾರಣದ ಸುಳಿವು ಸಿಕ್ಕಿತು. ಕೆಲಸ ಮಾಡುವ ಜೀನುಗಳು ಸುಮಾರು 1600 ಇದ್ದರೆ, ಕೆಟ್ಟು ನಿಂತವು 1100ಕ್ಕೂ ಹೆಚ್ಚು. ಸ್ವಂತ ಅಡುಗೆ ಮರೆತು ಪರರ ಮನೆಯಲ್ಲಿ ಉಣ್ಣುವವನ ಸ್ಥಿತಿ ಅದರದು. ಹಾಗೆ ಓದಲ್ಪಟ್ಟ ರೋಗಾಣು ತಮಿಳುನಾಡಿನ ರೋಗಿಯೊಬ್ಬರಿಂದ ಪಡೆದದ್ದು. ಅದಕ್ಕೆ ತಂಪು ಪ್ರಿಯ. ಆದ್ದರಿಂದಲೇ ಚರ್ಮ, ಮೂಗು, ಕಿವಿಯ ಹಾಲೆ, ಮೊಣಕೈ ಮೊಣಕಾಲುಗಳ ಬಳಿ ಚರ್ಮಕ್ಕೆ ಹತ್ತಿರದಲ್ಲಿ ಹಾಯುವ ನರಗಳು ಅದರ ಬಿಡಾರಗಳು.

ಇಷ್ಟು ದುರ್ಬಲವಾದ ಜೀವಿ ಮನುಷ್ಯನ ಬೆರಳುಗಳನ್ನು ಹೇಗೆ ಮಡಚುತ್ತದೆ? ಚರ್ಮವೈದ್ಯರ ಸಂಶೋಧನೆ ಈ ಪ್ರಶ್ನೆಗೆ ಕೊಟ್ಟಿರುವ ಉತ್ತರ ನಮ್ಮನ್ನು ಬಹಳವಾಗಿ ಯೋಚಿಸುವಂತೆ ಮಾಡಿದೆ. ಈ ರೋಗದ ರೂಪವನ್ನು ನಿರ್ಧರಿಸುವುದು ರೋಗಾಣುವಿಗಿಂತ ಹೆಚ್ಚಾಗಿ ಅದಕ್ಕೆ ನಮ್ಮ ದೇಹ ಕೊಡುವ ಪ್ರತ್ಯುತ್ತರ. ನೂರರಲ್ಲಿ ತೊಂಬತ್ತೈದು ಮಂದಿಗೆ ಹುಟ್ಟಿನಿಂದಲೇ ಇದನ್ನು ಎದುರಿಸುವ ಶಕ್ತಿಯಿದೆ. ರೋಗಾಣು ಒಳಹೊಕ್ಕರೂ ಅವರಿಗೆ ಏನೂ ಆಗದು. ಉಳಿದವರಲ್ಲಿ ಕೆಲವರ ದೇಹ ಉಗ್ರವಾಗಿ ಎದುರಿಸುತ್ತದೆ. ಅಂಥವರಲ್ಲಿ ಒಂದೆರಡು ಮಚ್ಚೆಗಳು ಮಾತ್ರ ಕಾಣುತ್ತವೆ, ಅವುಗಳೊಳಗೆ ರೋಗಾಣುವನ್ನು ಹುಡುಕಿದರೂ ಸಿಗುವುದು ಕಷ್ಟ. ಮತ್ತೆ ಕೆಲವರ ದೇಹ ವೈರಿಯನ್ನು ಗುರುತಿಸದೆ ಮೌನವಾಗಿರುತ್ತದೆ. ಅವರ ಮೈತುಂಬ ಗಂಟುಗಳು ಏಳುತ್ತವೆ, ರೋಗಾಣುಗಳು ಕೋಟಿಗಟ್ಟಲೆ ತುಂಬಿಕೊಳ್ಳುತ್ತವೆ. ಈ ಎರಡು ತುದಿಗಳ ನಡುವಿನ ಮೆಟ್ಟಿಲುಗಳನ್ನು 1966ರಲ್ಲಿ ರಿಡ್ಲೆ ಮತ್ತು ಜೋಪ್ಲಿಂಗ್ ಎಂಬ ವೈದ್ಯರು ಐದು ವರ್ಗಗಳಾಗಿ ವಿಂಗಡಿಸಿದರು. ರೋಗಾಣು ಒಂದೇ, ರೋಗ ಐದು ಬಗೆ. 1991ರಲ್ಲಿ ಅಮೆರಿಕದ ಸಂಶೋಧಕರು ಮಚ್ಚೆಗಳ ಚೂರುಗಳನ್ನು ಪರೀಕ್ಷಿಸಿ, ಉಗ್ರವಾಗಿ ಎದುರಿಸುವವರ ಚರ್ಮದಲ್ಲಿ ಇಂಟರ್‌ಫೆರಾನ್ ಗಾಮಾದಂಥ ರಾಸಾಯನಿಕ ಸಂದೇಶಗಳೂ ಮೌನವಾಗಿರುವವರಲ್ಲಿ ಇಂಟರ್‌ಲ್ಯೂಕಿನ್ 4 ಮತ್ತು 10 ಎಂಬವೂ ಮೇಲುಗೈ ಪಡೆದಿರುವುದನ್ನು ಕಂಡುಕೊಂಡರು. ಮೊದಲನೆಯವು ಭಕ್ಷಕ ಕೋಶಗಳನ್ನು ಎಬ್ಬಿಸುತ್ತವೆ, ಎರಡನೆಯವು ಮಲಗಿಸುತ್ತವೆ. ಮನುಷ್ಯನ ರೋಗನಿರೋಧಕ ಶಕ್ತಿಯ ಕುರಿತು ಇಂದು ವೈದ್ಯವಿದ್ಯಾರ್ಥಿಗಳು ಓದುವ ಎಷ್ಟೋ ಪಾಠಗಳಿಗೆ ಕುಷ್ಠರೋಗಿಗಳ ಚರ್ಮವೇ ಓಲೆಗರಿಯಾಗಿದೆ. ಊರ ಹೊರಗೆ ತಳ್ಳಿದ ಜನರಿಂದ ಲೋಕವೆಲ್ಲ ಕಲಿಯಿತು.

ಉಗ್ರ ಪ್ರತಿರೋಧ ಒಳ್ಳೆಯದೇ ಎಂದು ಓದುಗರು ಭಾವಿಸಬಾರದು. ರೋಗಾಣು ನರದೊಳಗೆ ಅಡಗಿರುವಾಗ ದೇಹ ನರದ ಮೇಲೆಯೇ ದಾಳಿ ಮಾಡುತ್ತದೆ. ಇಲಿಗೆಂದು ಕಣಜಕ್ಕೆ ಬೆಂಕಿಯಿಟ್ಟಂತೆ. ನರ ಊದುತ್ತದೆ, ಅರಿವು ಹೋಗುತ್ತದೆ, ಬೆರಳು ಮಡಚುತ್ತದೆ. ಬೆರಳುಗಳು ತಾವಾಗಿ ಕೊಳೆತು ಉದುರುತ್ತವೆಂಬುದು ಸುಳ್ಳು. ನೋವಿನ ಅರಿವಿಲ್ಲದ ಕೈ ಸುಟ್ಟುಕೊಳ್ಳುತ್ತದೆ, ಕೊಯ್ದುಕೊಳ್ಳುತ್ತದೆ, ಆ ಗಾಯ ಕೀವಾಗಿ ಮೂಳೆಯವರೆಗೆ ಇಳಿಯುತ್ತದೆ. ಇದನ್ನು ಲೋಕಕ್ಕೆ ಮನಗಾಣಿಸಿದವರಲ್ಲಿ ಪ್ರಮುಖರು ವೆಲ್ಲೂರಿನಲ್ಲಿ ಸೇವೆ ಸಲ್ಲಿಸಿದ ಶಸ್ತ್ರವೈದ್ಯ ಡಾ. ಪಾಲ್ ಬ್ರಾಂಡ್. ಮಡಚಿದ ಬೆರಳುಗಳನ್ನು ಸ್ನಾಯುರಜ್ಜುಗಳ ಜೋಡಣೆಯಿಂದ ಮತ್ತೆ ಬಿಡಿಸಬಹುದೆಂದು ತೋರಿಸಿದವರೂ ಅವರೇ.

ಮೇಲೆ ಹೇಳಿದ ತಾಯಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಮಾತ್ರೆ ಆರಂಭವಾಯಿತು. ಬೆನ್ನಿನ ಮೇಲೂ ಮಚ್ಚೆಗಳು ಸಿಕ್ಕಿ ಒಟ್ಟು ಐದನ್ನು ಮೀರಿದ್ದರಿಂದ ಹನ್ನೆರಡು ತಿಂಗಳ ಚಿಕಿತ್ಸೆ. ಕಡಿಮೆಯಿದ್ದಿದ್ದರೆ ಆರು ತಿಂಗಳು ಸಾಕಾಗುತ್ತಿತ್ತು. ರಿಫಾಂಪಿಸಿನ್, ಡ್ಯಾಪ್ಸೋನ್, ಕ್ಲೋಫಾಜಿಮಿನ್ ಎಂಬ ಮೂರು ಔಷಧಗಳ ಪಟ್ಟಿ ತಿಂಗಳಿಗೊಂದು, ಸಂಪೂರ್ಣ ಉಚಿತ. ಮೂರನೆಯ ತಿಂಗಳಲ್ಲಿ ಮಚ್ಚೆಗಳು ಕೆಂಡದಂತೆ ಕೆಂಪಾದವು, ಮೊಣಕೈಯ ನರ ಮುಟ್ಟಲಾಗದಷ್ಟು ನೋಯತೊಡಗಿತು. ಮೈ ಕಪ್ಪಿಟ್ಟಿತು. ಲೈನ್ ಮನೆಯ ನೆರೆಯವರು “ಮಾತ್ರೆ ಉಷ್ಣ, ಬಿಟ್ಟುಬಿಡು” ಎಂದರು. ಅವರು ಬಿಟ್ಟೂ ಬಿಟ್ಟರು.

ಮೈ ಕಪ್ಪಾಗುವುದು ಕ್ಲೋಫಾಜಿಮಿನ್‌ನ ಗುಣ. ಚಿಕಿತ್ಸೆ ಮುಗಿದ ಬಳಿಕ ತಿಂಗಳುಗಳಲ್ಲಿ ಬಣ್ಣ ತಿಳಿಯಾಗುತ್ತದೆ. ರಿಫಾಂಪಿಸಿನ್ ಸೇವಿಸಿದ ದಿನ ಮೂತ್ರ ಕೆಂಪಾಗುತ್ತದೆ, ಅದಕ್ಕೂ ಹೆದರಬೇಕಿಲ್ಲ. ಆದರೆ ಮಚ್ಚೆ ಕೆರಳುವುದು, ನರ ನೋಯುವುದು ಬೇರೆಯ ವಿಷಯ. ಅಷ್ಟು ದಿನ ಮಂಕಾಗಿದ್ದ ರೋಗನಿರೋಧಕ ಶಕ್ತಿ ಒಮ್ಮೆಲೇ ಎದ್ದು ನಿಂತಾಗ ಹೀಗಾಗುತ್ತದೆ. ವೈದ್ಯರು ಇದನ್ನು ‘ರಿಯಾಕ್ಷನ್’ ಎನ್ನುತ್ತಾರೆ. ಮಾತ್ರೆಗೆ ಮುನ್ನವೂ ಬರಬಹುದು, ಮುಗಿದ ಮೇಲೂ ಬರಬಹುದು. ಮಾತ್ರೆಯನ್ನು ನಿಲ್ಲಿಸದೆ, ತಕ್ಷಣ ವೈದ್ಯರ ಬಳಿಗೆ ಹೋದರೆ ಪ್ರೆಡ್ನಿಸೋಲೋನ್ ಎಂಬ ಸ್ಟಿರಾಯ್ಡ್ ಔಷಧದಿಂದ ನರವನ್ನು ಉಳಿಸಿಕೊಳ್ಳಬಹುದು. ತಡವಾದರೆ ಬೆರಳು ಶಾಶ್ವತವಾಗಿ ಮಡಚುತ್ತದೆ. ವಿಪರ್ಯಾಸವನ್ನು ಗಮನಿಸಬೇಕು. ವೈದ್ಯರನ್ನು ಕೇಳದೆ ಮುಲಾಮಾಗಿ ಹಚ್ಚಿದಾಗ ಮಚ್ಚೆಯನ್ನು ಮರೆಮಾಡಿ ಒಂದು ವರ್ಷ ಕಳೆದದ್ದೂ ಸ್ಟಿರಾಯ್ಡೇ, ವೈದ್ಯರ ಕೈಯಲ್ಲಿ ಅದೇ ತಾಯಿಯ ಕೈಯನ್ನು ಕಾಪಾಡಿದ್ದೂ ಸ್ಟಿರಾಯ್ಡೇ. ಆಶಾ ಕಾರ್ಯಕರ್ತೆ ಮೂರು ಸಲ ಲೈನ್ ಮನೆಗೆ ನಡೆದುಹೋಗಿ ಒಪ್ಪಿಸದಿದ್ದರೆ ಆ ಅವಕಾಶವೂ ತಪ್ಪುತ್ತಿತ್ತು.

ಹೆಸರುಗಳ ಗೊಂದಲದ ಕುರಿತು ಒಂದು ಮಾತು ಹೇಳಲೇಬೇಕು. ಚರಕಸಂಹಿತೆಯಲ್ಲಿ ಕುಷ್ಠಗಳು ಹದಿನೆಂಟು. ಅಲ್ಲಿ ಆ ಶಬ್ದ ಬಗೆಬಗೆಯ ಚರ್ಮರೋಗಗಳಿಗೆ ಸಾಮಾನ್ಯ ನಾಮ. ತೊನ್ನಿಗೆ ನಾವು ‘ಶ್ವೇತಕುಷ್ಠ’ ಎಂದು ಕರೆದು ಅದಕ್ಕೂ ಇದಕ್ಕೂ ಗಂಟುಹಾಕಿದೆವು. ತೊನ್ನು ರೋಗಾಣುವಿನಿಂದ ಬಂದದ್ದಲ್ಲ, ಅಂಟುವುದಿಲ್ಲ, ಅಲ್ಲಿ ಸ್ಪರ್ಶದ ಅರಿವೂ ಮಾಸುವುದಿಲ್ಲ. ಹಾಲಿನಂತೆ ಬೆಳ್ಳಗಿರುವ ತೊನ್ನಿನವರನ್ನು ಕಂಡು ದೂರ ಸರಿಯುವ ಜನ, ಮಾಸಲು ಮಚ್ಚೆಯ ನಿಜವಾದ ಕುಷ್ಠವನ್ನು ಚಿಬ್ಬೆಂದು ಬಿಡುತ್ತಾರೆ. ಮದುವೆಯ ಮಾತುಕತೆಯಲ್ಲಿ ತೊನ್ನಿನ ಹೆಣ್ಣುಮಕ್ಕಳು ಅನುಭವಿಸುವ ಅವಮಾನವನ್ನು ಬಲ್ಲ ನಾವು ‘ಶ್ವೇತಕುಷ್ಠ’ ಎಂಬ ಪದವನ್ನು ಈ ಪುಟಗಳಲ್ಲಿ ಇನ್ನು ಮುಂದೆ ಬಳಸುವುದಿಲ್ಲ.

ದೂರ ತಳ್ಳುವುದಕ್ಕೆ ಕಾನೂನೂ ಬಹುಕಾಲ ಬೆಂಬಲವಾಗಿತ್ತು. 1898ರ ಕುಷ್ಠರೋಗಿಗಳ ಕಾಯ್ದೆ ರದ್ದಾದದ್ದು 2016ರಲ್ಲಿ. ಕುಷ್ಠರೋಗವನ್ನು ವಿಚ್ಛೇದನಕ್ಕೆ ಕಾರಣವೆಂದು ಹೇಳುತ್ತಿದ್ದ ವಿಧಿಗಳನ್ನು ತೆಗೆದದ್ದು 2019ರಲ್ಲಿ. ರೋಗ ಪೂರ್ಣ ವಾಸಿಯಾಗುವ ಚಿಕಿತ್ಸೆ ಬಂದು ಮೂರೂವರೆ ದಶಕಗಳ ಮೇಲೆ! ಕುಷ್ಠದ ಪರೀಕ್ಷೆಗೆ ಲೆಪ್ರೊಮಿನ್ ಎಂಬ ದ್ರವವನ್ನು ಬಳಕೆಗೆ ತಂದ ಜಪಾನಿನ ವೈದ್ಯ ಮಿತ್ಸುದಾ ಅವರೇ ರೋಗಿಗಳನ್ನು ಆಜೀವ ಪ್ರತ್ಯೇಕವಾಗಿಡಬೇಕೆಂದು ವಾದಿಸಿದವರು. ಶಾಸ್ತ್ರ ಬಲ್ಲವರಿಗೂ ಭಯ ಬಿಡಲಿಲ್ಲ ಎನ್ನೋಣವೇ? ಇತ್ತ ಘಟ್ಟದ ಕೆಳಗೆ ಮಂಗಳೂರಿನ ಕಂಕನಾಡಿಯಲ್ಲಿ 1880ರಲ್ಲಿ ಆಲದ ಮರದ ಅಡಿ ಔಷಧ ಹಂಚತೊಡಗಿದ ಫಾದರ್ ಅಗಸ್ಟಸ್ ಮುಲ್ಲರ್, 1890ರ ಹೊತ್ತಿಗೆ ಕುಷ್ಠರೋಗಿಗಳಿಗೆಂದೇ ಆಸ್ಪತ್ರೆ ಕಟ್ಟಿಸಿದರು. ಮದ್ದೇ ಇಲ್ಲದ ಕಾಲದಲ್ಲಿ ಮುಟ್ಟಿ ಉಪಚರಿಸಿದವರಿದ್ದರು. ಮದ್ದಿರುವ ಕಾಲದಲ್ಲಿ ನಾವು ಪಂಕ್ತಿಯಿಂದ ಎಬ್ಬಿಸುವುದು ಹೇಗೆ? ಸಹಪಂಕ್ತಿಯಿಂದ ಕುಷ್ಠ ಅಂಟುವುದಿಲ್ಲ, ಕೈ ಹಿಡಿದರೂ ಅಂಟುವುದಿಲ್ಲ. ಚಿಕಿತ್ಸೆಯಿಲ್ಲದ ರೋಗಿಯೊಡನೆ ತಿಂಗಳುಗಟ್ಟಲೆ ಒಂದೇ ಸೂರಿನಡಿ ಬಾಳಿದವರಿಗೆ ಮೂಗುಬಾಯಿಗಳ ತುಂತುರಿನಿಂದ ತಗಲಬಹುದು. ಮಾತ್ರೆ ಆರಂಭವಾದ ಮೇಲೆ ಆ ಭಯವೂ ಇಲ್ಲ. ಪೂರ್ವಜನ್ಮದ ಪಾಪವೆಂಬ ಮಾತನ್ನು ಶರಣರ ಹಾದಿಯಲ್ಲಿ ನಡೆಯುವವರ ಬಾಯಿಂದ ಕೇಳಿದಾಗ ನಮಗೆ ನೋವಾಗುತ್ತದೆ.

ಮನೆಯವರ ರಕ್ಷಣೆಗೂ ಈಗ ದಾರಿಯಿದೆ. ರೋಗಿಯ ನಿಕಟವರ್ತಿಗಳಿಗೆ ರಿಫಾಂಪಿಸಿನ್‌ನ ಒಂದೇ ಒಂದು ಮಾತ್ರೆ ಕೊಟ್ಟರೆ ಮೊದಲೆರಡು ವರ್ಷಗಳಲ್ಲಿ ರೋಗ ತಲೆದೋರುವ ಸಂಭವ ಅರ್ಧಕ್ಕಿಂತ ಹೆಚ್ಚು ತಗ್ಗುವುದೆಂದು ಬಾಂಗ್ಲಾದೇಶದ ಅಧ್ಯಯನ ತೋರಿಸಿತು. ನಮ್ಮ ರಾಷ್ಟ್ರೀಯ ಕಾರ್ಯಕ್ರಮವೂ ಅದನ್ನು ಅಳವಡಿಸಿಕೊಂಡಿದೆ. ಹಸುಗೂಸಿಗೆ ಹಾಕಿಸುವ ಬಿಸಿಜಿ ಲಸಿಕೆ ಕ್ಷಯದಂತೆ ಇದರಿಂದಲೂ ಸ್ವಲ್ಪ ರಕ್ಷಣೆ ಕೊಡುತ್ತದೆ. ದೆಹಲಿಯ ಡಾ. ಜಿ.ಪಿ. ತಲ್ವಾರ್ ಅವರು ನಿರುಪದ್ರವಿಯಾದ ಬೇರೊಂದು ರೋಗಾಣುವಿನಿಂದ ದೇಹದ ಪ್ರತಿರೋಧವನ್ನು ಎಬ್ಬಿಸುವ ಲಸಿಕೆಯನ್ನು ರೂಪಿಸಿದರು. ಆ ಜೀವಿಯ ಹೆಸರು ಮೈಕೊಬ್ಯಾಕ್ಟೀರಿಯಂ ಇಂಡಿಕಸ್ ಪ್ರಾಣಿ. ಕನ್ನಡಿಗರು ನಗಬಾರದು, ಅದು ತಲ್ವಾರರ ‘ಪ್ರಾಣ್’ ಎಂಬ ಹೆಸರನ್ನೂ ಅವರ ಸಂಸ್ಥೆಯನ್ನೂ ನೆನೆದು ಇಟ್ಟ ಹೆಸರು.

ಇಷ್ಟೆಲ್ಲ ಇದ್ದೂ ರೋಗಿ ಸಿಗದಿದ್ದರೆ ಫಲವೇನು? ಗಾಂಧೀಜಿಯವರು ಹುತಾತ್ಮರಾದ ಜನವರಿ 30ರಂದು ದೇಶಾದ್ಯಂತ ಕುಷ್ಠರೋಗ ಜಾಗೃತಿ ಆರಂಭವಾಗುತ್ತದೆ. ಕೊಡಗಿನಲ್ಲಿ ಅದು ಕಾಫಿ ಕೊಯ್ಲಿನ ನಡುಗಾಲ. ಆಶಾ ಕಾರ್ಯಕರ್ತೆ ಬಾಗಿಲು ತಟ್ಟುವ ವೇಳೆಗೆ ಲೈನ್ ಮನೆಗಳಿಗೆ ಬೀಗ, ಜನರೆಲ್ಲ ತೋಟದಲ್ಲಿ. ಕೊಯ್ಲಿಗೆಂದು ದೂರದ ರಾಜ್ಯಗಳಿಂದ ಬಂದವರು ಮುಗಿದೊಡನೆ ಹೊರಟುಹೋಗುತ್ತಾರೆ. ಆದ್ದರಿಂದ ತೋಟವುಳ್ಳ ಸದ್ಭಕ್ತರಲ್ಲಿ ನಮ್ಮ ಬಿನ್ನಹವಿದು: ವಾರದ ಬಟವಾಡೆಯ ದಿನ ಒಂದು ಗಂಟೆಯನ್ನು ಆರೋಗ್ಯ ಕಾರ್ಯಕರ್ತರಿಗೆ ಬಿಟ್ಟುಕೊಡಿ. ಹೆಂಗಸರನ್ನು ನೋಡಲು ಮರೆಯಿರುವ ಒಂದು ಕೋಣೆ ಕೊಡಿ. ಆ ಗಂಟೆಯ ಕೂಲಿ ಹಿಡಿಯಬೇಡಿ. ರೋಗ ಕಂಡವರನ್ನು ಕೆಲಸದಿಂದ ಬಿಡಿಸುವುದಿಲ್ಲವೆಂದು ಮೊದಲೇ ಎಲ್ಲರೆದುರು ಹೇಳಿ. ಈ ಕಡೆಯ ಮಾತನ್ನು ಹೇಳದಿದ್ದರೆ ಯಾರೂ ಅಂಗಿ ಕಳಚುವುದಿಲ್ಲ.

ಉಳಿದ ಭಕ್ತರಿಗೆ ಇನ್ನೂ ಸುಲಭದ ಕೆಲಸವಿದೆ. ದಿನವೂ ಮಿಂದು ವಿಭೂತಿ ಧರಿಸುವಾಗ ಹಣೆ, ತೋಳು, ಎದೆಗಳ ಮೇಲೆ ನಮ್ಮ ಬೆರಳು ಹಾಯುತ್ತದೆ. ಇಷ್ಟಲಿಂಗವನ್ನು ಅಂಗೈಯಲ್ಲಿ ಇರಿಸಿಕೊಂಡಾಗ ಅದರ ತಂಪು ಅಂಗೈಗೆ ತಿಳಿಯುತ್ತದೆ. ಬೆರಳು ಹಾದದ್ದು ಎಲ್ಲಿಯಾದರೂ ಗೊತ್ತಾಗದಿದ್ದರೆ, ತಂಪು ತಿಳಿಯದಿದ್ದರೆ, ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ. ಬೆನ್ನು ನಮಗೆ ಕಾಣದು. ಮನೆಯವರು ಒಬ್ಬರ ಬೆನ್ನನ್ನು ಒಬ್ಬರು ನೋಡಿಕೊಳ್ಳಲಿ.

ಆ ತಾಯಿಯ ಮಾತ್ರೆಗಳಲ್ಲಿ ಎರಡು ಪಟ್ಟಿ ಉಳಿದಿವೆ. ಉಂಗುರದ ಬೆರಳು ಪೂರ್ತಿ ಬಿಚ್ಚುತ್ತದೆ. ಕಿರುಬೆರಳು ಇನ್ನೂ ಅರ್ಧ ಮಡಚಿಯೇ ಇದೆ. ಬಿಸಿಯ ಅರಿವು ಬಂದಿಲ್ಲ. ಹಾಗಾಗಿ ದಾಸೋಹದಲ್ಲಿ ಅವರ ತಟ್ಟೆಗೆ ಮೊದಲೇ ಅನ್ನ ಬಡಿಸಿ ಆರಲು ಬಿಡುತ್ತೇವೆ, ಎಲ್ಲರೊಡನೆ ಅದೇ ಪಂಕ್ತಿಯಲ್ಲಿ ಅವರು ಉಣ್ಣುತ್ತಾರೆ.